ಅಂಡಮಾನ್ ತವರಾದರೆ ಮಧುಚಂದ್ರ ಸಲೀಸೇ?

ಜೋಡಿಯಲ್ಲಿ ಒಬ್ಬರು ಹುಟ್ಟಿ ಬೆಳೆದ ದ್ವೀಪಕ್ಕೇ ಮಧುಚಂದ್ರಕ್ಕೆ ಹೋಗುವುದು ಅಂಡಮಾನ್ ಮಟ್ಟಿಗೆ ವಿಚಿತ್ರವೇನಲ್ಲ. ಪೋರ್ಟ್ ಬ್ಲೇರ್‌ನ ಹುಡುಗ ಹುಡುಗಿಯರು ಓದಿಗೆ, ಕೆಲಸಕ್ಕೆ ಚೆನ್ನೈ, ಕೋಲ್ಕತಾ, ಬೆಂಗಳೂರಿಗೆ ಬರುತ್ತಾರೆ, ಇಲ್ಲಿಯವರನ್ನೇ ಮದುವೆಯೂ ಆಗುತ್ತಾರೆ. ಬೆಂಗಳೂರಿನಿಂದ ನೇರ ವಿಮಾನವೂ ಇದೆ. ಇಂಥ ಪ್ರಯಾಣ ಹೊರಟವರಿಗೆ ಬಂಧುಗಳು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ಅಲ್ಲೇ ಬೆಳೆದವರು ಜೊತೆಗಿದ್ದ ಮೇಲೆ ಇನ್ನೇನು ಚಿಂತೆ? ಈ ಮಾತಿನ ಬೆನ್ನಿಗೆ ಹಲವು ತಪ್ಪು ಕಲ್ಪನೆಗಳು ಸೇರಿಕೊಂಡಿವೆ. ಊರಿನವರ ಅರಿವು ದೊಡ್ಡದೇ, ಸಂಶಯವಿಲ್ಲ. ಆದರೆ ಅದು ಅವರು ಓಡಾಡಿದ ಜಾಗಗಳಿಗೆ, ಅವರು ಅಲ್ಲಿದ್ದ ಕಾಲಕ್ಕೆ ಸೀಮಿತ.

ಮೊದಲ ತಪ್ಪು ಕಲ್ಪನೆ ಬೀಗರ ಬಗ್ಗೆಯೇ. ಅಂಡಮಾನಿನವರೆಂದರೆ ಕಾಡಿನ ಆದಿವಾಸಿಗಳು ಎಂದು ಭಾವಿಸುವವರು ಈಗಲೂ ಇದ್ದಾರೆ. 2011ರ ಜನಗಣತಿಯಂತೆ ಅಂಡಮಾನ್ ಮತ್ತು ನಿಕೋಬಾರ್‌ನ ಜನಸಂಖ್ಯೆ 3.8 ಲಕ್ಷ. ಅದರಲ್ಲಿ ಬಹುಪಾಲು ಹೊರಗಿನಿಂದ ಬಂದು ನೆಲೆಸಿದವರ ಸಂತತಿ. 1858ರ ಮಾರ್ಚ್‌ನಲ್ಲಿ ಬ್ರಿಟಿಷರು ಕೈದಿಗಳ ಮೊದಲ ತಂಡವನ್ನು ಇಲ್ಲಿಗೆ ತಂದಿಳಿಸಿದರು. ನಡತೆ ಒಳ್ಳೆಯದಿದ್ದ ಕೈದಿಗಳಿಗೆ ಕೆಲವು ವರ್ಷಗಳ ಬಳಿಕ ಜಮೀನು ಮಾಡಲು, ಹೆಂಗಸು ಕೈದಿಗಳನ್ನು ಮದುವೆಯಾಗಲು ಅನುಮತಿ ಸಿಗುತ್ತಿತ್ತು. ಗಂಡು ಪಂಜಾಬಿನವನು, ಹೆಣ್ಣು ಬಂಗಾಳದವಳು. ಜಾತಿ ಬೇರೆ, ಕೆಲವೊಮ್ಮೆ ಧರ್ಮವೂ ಬೇರೆ. ಈ ಸಂಸಾರಗಳ ಮಕ್ಕಳು ಮೊಮ್ಮಕ್ಕಳೇ ಇಂದು ‘ಲೋಕಲ್ ಬಾರ್ನ್’ ಎಂದು ಕರೆಸಿಕೊಳ್ಳುವ ಸಮುದಾಯ. ಆಮೇಲೆ 1921ರ ದಂಗೆಯ ನಂತರ ಮಲಬಾರಿನ ಮಾಪಿಳ್ಳೆಯರು ಬಂದರು, ಬರ್ಮಾದಿಂದ ಕರೆನ್ ಜನ ಬಂದರು, ಕಾಡು ಕಡಿಯುವ ಕೆಲಸಕ್ಕೆ ರಾಂಚಿ ಕಡೆಯ ಕೂಲಿಗಳು ಬಂದರು. ದೇಶ ವಿಭಜನೆಯ ಬಳಿಕ ಪೂರ್ವ ಬಂಗಾಳದ ನಿರಾಶ್ರಿತರಿಗೆ ಸರ್ಕಾರವೇ ಭೂಮಿ ಕೊಟ್ಟು ನೆಲೆ ಮಾಡಿಸಿತು. ತಮಿಳರು, ತೆಲುಗರು ವ್ಯಾಪಾರ ಮತ್ತು ನೌಕರಿ ಹಿಡಿದು ಬಂದವರು. ಇಷ್ಟು ಭಾಷೆಗಳ ನಡುವೆ ಬೀದಿಯಲ್ಲಿ ಎಲ್ಲರೂ ಆಡುವುದು ಹಿಂದಿ. ಹಾಗಾಗಿ ಕನ್ನಡದ ಸೊಸೆಯೋ ಅಳಿಯನೋ ಮನೆಗೆ ಬಂದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅಂತರಭಾಷಾ ಮದುವೆಯ ವಿಷಯದಲ್ಲಿ ಆ ದ್ವೀಪಕ್ಕೆ ನಮ್ಮ ಎಷ್ಟೋ ಊರುಗಳಿಗಿಂತ ಹೆಚ್ಚಿನ ಅನುಭವವಿದೆ.

ಊರಿನವರು ಕರೆದುಕೊಂಡು ಹೋದರೆ ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬುದು ಎರಡನೆಯ ನಂಬಿಕೆ. ಅಪಾಯಕಾರಿಯಾದದ್ದೂ ಇದೇ. 1956ರ ಮೂಲನಿವಾಸಿ ಬುಡಕಟ್ಟುಗಳ ರಕ್ಷಣಾ ನಿಯಮಾವಳಿ ಮೀಸಲು ಪ್ರದೇಶಗಳಿಗೆ ಹೊರಗಿನವರ ಪ್ರವೇಶವನ್ನು ತಡೆಯುತ್ತದೆ. ಈ ಕಾನೂನಿನ ಕಣ್ಣಿಗೆ ಪೋರ್ಟ್ ಬ್ಲೇರ್‌ನಲ್ಲಿ ಹುಟ್ಟಿದವರೂ ಹುಬ್ಬಳ್ಳಿಯಲ್ಲಿ ಹುಟ್ಟಿದವರೂ ಒಂದೇ, ಇಬ್ಬರೂ ಹೊರಗಿನವರು. ಉತ್ತರ ಸೆಂಟಿನೆಲ್ ದ್ವೀಪದ ಸುತ್ತಲಿನ ಕಡಲಿಗೂ ಇಬ್ಬರೂ ಹೋಗುವಂತಿಲ್ಲ. ನಿಕೋಬಾರ್ ದ್ವೀಪಗಳಿಗೂ ವಿಶೇಷ ಪಾಸ್ ಬೇಕು. ಹುಟ್ಟಿನಿಂದ ಅಂಡಮಾನಿನಲ್ಲೇ ಇದ್ದು ಕಾರ್ ನಿಕೋಬಾರ್ ಕಾಣದವರು ಅಲ್ಲಿ ಬೇಕಾದಷ್ಟು ಜನ.

ಜಾರವಾ ಬುಡಕಟ್ಟಿನ ಮೀಸಲು ಪ್ರದೇಶವನ್ನು ಸೀಳಿಕೊಂಡು ಹೋಗುವ ಅಂಡಮಾನ್ ಟ್ರಂಕ್ ರೋಡಿನಲ್ಲಿ ಈ ಕಾನೂನನ್ನು ಹತ್ತಿರದಿಂದ ಕಾಣಬಹುದು. ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗಳನ್ನು ನೋಡಲು ಹೊರಟ ವಾಹನಗಳು ನಸುಕಿಗೆ ಮೊದಲೇ ಜಿರ್ಕಾಟಾಂಗ್ ಚೆಕ್‌ಪೋಸ್ಟಿನಲ್ಲಿ ಸಾಲುಗಟ್ಟುತ್ತವೆ. ಚಾಲಕ ಪ್ರತಿಯೊಬ್ಬರ ಹೆಸರಿರುವ ಅರ್ಜಿ, ಗುರುತಿನ ಚೀಟಿಯ ಪ್ರತಿ ಹಿಡಿದು ಕೌಂಟರಿನ ಮುಂದೆ ನಿಲ್ಲುತ್ತಾನೆ. ಪ್ರಯಾಣಿಕರು ಪಕ್ಕದ ಹೋಟೆಲುಗಳಲ್ಲಿ ಚಹಾ ಕುಡಿಯುತ್ತಾ ನಿದ್ದೆ ಕೊಡವಿಕೊಳ್ಳುತ್ತಾರೆ. ಗೇಟು ತೆರೆದಾಗ ವಾಹನಗಳು ಪೊಲೀಸ್ ಕಾವಲಿನಲ್ಲಿ ಒಂದರ ಹಿಂದೊಂದು ಹೊರಡಬೇಕು. ನಡುವೆ ನಿಲ್ಲಿಸುವಂತಿಲ್ಲ, ಒಂದನ್ನೊಂದು ಹಿಂದಿಕ್ಕುವಂತಿಲ್ಲ. ದಾರಿಬದಿಯಲ್ಲಿ ಜಾರವಾ ಜನ ಕಂಡರೆ ಫೋಟೊ ತೆಗೆಯುವುದು, ತಿಂಡಿ ಕೊಡುವುದು ಜೈಲು ಶಿಕ್ಷೆಗೆ ಈಡು ಮಾಡುವ ಅಪರಾಧ. ಕೆಲವೇ ನೂರು ಸಂಖ್ಯೆಯ ಈ ಜನರಿಗೆ ಹೊರಗಿನ ಸೋಂಕು ಎಷ್ಟು ಮಾರಕ ಎಂಬುದು 1990ರ ದಶಕದ ಕೊನೆಯಲ್ಲಿ ಅವರ ನಡುವೆ ಹರಡಿದ ದಡಾರದಿಂದಲೇ ಗೊತ್ತಾಯಿತು. ಈ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು, ಆಮೇಲೂ ಸಂಚಾರ ನಿಲ್ಲಲಿಲ್ಲ. ಗುಹೆ ನೋಡುವ ನೆಪದಲ್ಲಿ ಮನುಷ್ಯರನ್ನು ನೋಡಲು ಹೋಗುವ ಈ ಪ್ರವಾಸವನ್ನು ಮಧುಚಂದ್ರದ ಪಟ್ಟಿಯಿಂದ ಕೈಬಿಟ್ಟರೆ ನಷ್ಟವೇನೂ ಇಲ್ಲ.

ದ್ವೀಪದವರಿಗೆ ಕಡಲು ಅಂಗೈಯ ಗೆರೆ ಎಂಬುದೂ ಅರ್ಧ ಸತ್ಯ. ಪೋರ್ಟ್ ಬ್ಲೇರ್ ಶಾಲೆ, ಕಚೇರಿ, ಟ್ರಾಫಿಕ್ ಎಲ್ಲವೂ ಇರುವ ಪಟ್ಟಣ. ಅಲ್ಲಿ ಬೆಳೆದವರೆಲ್ಲ ಈಜುಗಾರರಾಗಿರಬೇಕಿಲ್ಲ. ಕಾಂಡ್ಲಾ ಕಾಡಿನ ಹಿನ್ನೀರಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಅವು ಸಮುದ್ರದಲ್ಲೂ ಈಜುತ್ತವೆ. 2010ರಲ್ಲಿ ಹ್ಯಾವ್‌ಲಾಕ್ ದ್ವೀಪದ ರಾಧಾನಗರ ಬೀಚಿನ ಸಮೀಪ ಸ್ನಾರ್ಕೆಲಿಂಗ್ ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ನಾವು ಚಿಕ್ಕಂದಿನಲ್ಲಿ ಇಲ್ಲೇ ಆಡುತ್ತಿದ್ದೆವು ಎಂಬ ಸಂಗಾತಿಯ ಮಾತಿಗಿಂತ ದಡದಲ್ಲಿ ನೆಟ್ಟ ಎಚ್ಚರಿಕೆಯ ಫಲಕಕ್ಕೆ ಹೆಚ್ಚು ಬೆಲೆ ಕೊಡಬೇಕು.

ಸಂಜೆಯ ಲೆಕ್ಕಾಚಾರ ತಪ್ಪುವುದು ಮಾತ್ರ ಮುಖ್ಯಭೂಮಿಯಿಂದ ಹೋದವರದೇ. ಗಡಿಯಾರ ಇಲ್ಲಿಯದೇ ಆದರೂ ಸೂರ್ಯ ಇಲ್ಲಿಯಂತಿಲ್ಲ. ಪೋರ್ಟ್ ಬ್ಲೇರ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷದಂತೆ ಅಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಮೊದಲೇ ಬೆಳಗಾಗುತ್ತದೆ, ಒಂದು ಗಂಟೆ ಮೊದಲೇ ಕತ್ತಲಾಗುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಐದು ಗಂಟೆಯ ಆಸುಪಾಸಿಗೆ ಸೂರ್ಯ ಮುಳುಗಿರುತ್ತಾನೆ. ಊಟ ಮುಗಿಸಿ, ಮಲಗಿ ಎದ್ದು, ಆರು ಗಂಟೆಗೆ ಸೂರ್ಯಾಸ್ತ ನೋಡಲು ಹೊರಟರೆ ಸಿಗುವುದು ಕತ್ತಲೆಯೇ.

ಮಳೆಯ ಬಗ್ಗೆಯೂ ಹೀಗೆಯೇ. ಮುಂಗಾರು ಕೇರಳಕ್ಕಿಂತ ಮೊದಲು ಮುಟ್ಟುವುದು ಅಂಡಮಾನ್ ಸಮುದ್ರವನ್ನು, ಮೇ ತಿಂಗಳ ದ್ವಿತೀಯಾರ್ಧದಲ್ಲಿ. ಹಿಂಗಾರೂ ಅಲ್ಲಿ ಸುರಿಯುತ್ತದೆ; ಅಕ್ಟೋಬರ್, ನವೆಂಬರ್ ಬಂಗಾಳ ಕೊಲ್ಲಿಯ ಚಂಡಮಾರುತದ ಕಾಲ. ಕಡಲು ಕೆರಳಿದ ದಿನ ದೋಣಿ ಬಿಡುವುದಿಲ್ಲ, ಊರಿನವರ ಶಿಫಾರಸು ನಡೆಯುವುದಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಹವೆ ಹಿತವಾಗಿರುತ್ತದೆ.

ಮಾವನ ಮನೆಯಿದ್ದರೆ ಖರ್ಚಿಲ್ಲ ಎನ್ನುವವರು ಭೂಪಟ ನೋಡಿರುವುದಿಲ್ಲ. ಮನೆ ಸಾಮಾನ್ಯವಾಗಿ ಪೋರ್ಟ್ ಬ್ಲೇರ್‌ನಲ್ಲಿ, ಮಧುಚಂದ್ರದ ಬೀಚುಗಳು ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ. ನಡುವೆ ದೋಣಿಯಲ್ಲಿ ಒಂದೂವರೆಯಿಂದ ಎರಡೂವರೆ ಗಂಟೆಯ ದಾರಿ. ಸರ್ಕಾರಿ ಹಡಗಿನಲ್ಲಿ ದ್ವೀಪವಾಸಿಗಳಿಗೆ ರಿಯಾಯಿತಿ ದರವಿದೆ. ಅದು ದ್ವೀಪವಾಸಿಯೆಂಬ ಗುರುತಿನ ಚೀಟಿ ಇದ್ದವರಿಗೆ. ತಾಳಿ ಕಟ್ಟಿದ ಮಾತ್ರಕ್ಕೆ ಹೊಸಬರ ಕೈಗೆ ಆ ಚೀಟಿ ಬರುವುದಿಲ್ಲ. ಬಹಳಷ್ಟು ದಿನಸಿ ಮುಖ್ಯಭೂಮಿಯಿಂದ ಹಡಗಿನಲ್ಲೇ ಬರಬೇಕಾದ್ದರಿಂದ ಹೋಟೆಲ್ ಊಟವೂ ಅಗ್ಗವಲ್ಲ. ಇನ್ನು ಹೊಸ ಜೋಡಿ ಬಂದಿದೆಯೆಂದು ತಿಳಿದರೆ ಚಿಕ್ಕಪ್ಪ, ಸೋದರತ್ತೆ, ಶಾಲೆಯ ಮೇಷ್ಟ್ರು ಎಲ್ಲರ ಮನೆಯಿಂದಲೂ ಊಟದ ಕರೆ ಬರುತ್ತದೆ. ಹ್ಯಾವ್‌ಲಾಕಿನ ಕೋಣೆಯನ್ನು ಮೊದಲೇ ಕಾದಿರಿಸದವರ ರಜೆ ಈ ಔತಣಗಳಲ್ಲೇ ಮುಗಿಯುತ್ತದೆ.

ಊರಿನವರ ನೆನಪು ಹಳತಾಗಿರುವುದು ಸಣ್ಣ ವಿಷಯಗಳಲ್ಲೂ ತಿಳಿಯುತ್ತದೆ. ಇಂಟರ್ನೆಟ್ ಸಿಗುವುದೇ ಇಲ್ಲ ಎಂಬುದು 2020ರಲ್ಲಿ ಚೆನ್ನೈಯಿಂದ ಕಡಲಡಿಯ ಕೇಬಲ್ ಬಂದ ಮೇಲೆ ಮೊದಲಿನಷ್ಟು ನಿಜವಲ್ಲ. ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಎಂಬ ಅಧಿಕೃತ ಹೆಸರಿದೆ. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಜನರ ಬಾಯಲ್ಲಿ ಹಳೆಯ ಹೆಸರೇ ಇದ್ದರೂ ಟಿಕೆಟಿನ ಮೇಲೆ ಹೊಸದು ಕಂಡರೆ ಗಾಬರಿಯಾಗಬೇಕಿಲ್ಲ.

ಚಿಪ್ಪು, ಹವಳದ ವಿಷಯದಲ್ಲಿ ಹಳೆಯ ನೆನಪು ಪೊಲೀಸ್ ಠಾಣೆಯವರೆಗೂ ಒಯ್ಯಬಲ್ಲದು. ತೊಂಬತ್ತರ ದಶಕದಲ್ಲಿ ಬೆಳೆದವರ ಮನೆಯ ಶೋಕೇಸಿನಲ್ಲಿ ದಡದಿಂದ ಆಯ್ದ ಹವಳದ ತುಂಡು ಇದ್ದರೆ ಆಶ್ಚರ್ಯವಿಲ್ಲ. ಗಟ್ಟಿ ಹವಳಗಳು ಮತ್ತು ಹಲವು ಜಾತಿಯ ಚಿಪ್ಪುಜೀವಿಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಿಗೆ ಸೇರಿದವು. ಸತ್ತು ದಡಕ್ಕೆ ಬಿದ್ದ ಹವಳಕ್ಕೂ ವಿನಾಯಿತಿಯಿಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಇವು ಸಿಕ್ಕಿಬೀಳುತ್ತವೆ. ಅತ್ತೆ ಪ್ರೀತಿಯಿಂದ ಕೊಟ್ಟ ಹಳೆಯ ಚಿಪ್ಪು ಎಂಬ ವಿವರಣೆಯನ್ನು ಅಲ್ಲಿ ಯಾರೂ ಒಪ್ಪುವುದಿಲ್ಲ. ನೆನಪಿಗೆ ಏನಾದರೂ ಬೇಕೆಂದರೆ ಅನುಮತಿಯಿರುವ ಚಿಪ್ಪಿನ ವಸ್ತುಗಳನ್ನು ಸರ್ಕಾರಿ ಮಳಿಗೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಕೊಂಡು, ಬಿಲ್ಲನ್ನು ಚೀಲದ ಮೇಲುಭಾಗದಲ್ಲೇ ಇಟ್ಟುಕೊಳ್ಳಬೇಕು.