ನಿಮಗಿದು ಗೊತ್ತೇ? ಮನೆಯೊಳಗಿನ ಕಡಲಿನ ನೀರು ತಿಳಿಯಾಗುವುದು ಹೀಗೆ

● ಉಪ್ಪುನೀರಿನ ಅಕ್ವೇರಿಯಂನಲ್ಲಿ ಫಿಲ್ಟರಿನ ಮುಖ್ಯ ಕೆಲಸ ಮಾಡುವುದು ಮೋಟಾರಲ್ಲ, ಬ್ಯಾಕ್ಟೀರಿಯಾ. ಮೀನಿನ ಕಿವಿರುಗಳಿಂದ ಹೊರಬೀಳುವ ಅಮೋನಿಯಾವನ್ನು ಒಂದು ಗುಂಪು ನೈಟ್ರೈಟ್ ಮಾಡಿದರೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ ಕಡುವಿಷ, ನೈಟ್ರೇಟನ್ನು ಮೀನುಗಳು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ.

● ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಟ್ಯಾಂಕ್ ತಂದ ದಿನವೇ ಮೀನು ಬಿಟ್ಟರೆ ಅದು ತನ್ನದೇ ಅಮೋನಿಯಾಕ್ಕೆ ಬಲಿಯಾಗಬಹುದು. ಮೀನು ಸಾಕುವ ಮೊದಲು ನೀರನ್ನು ಸಾಕಬೇಕು!

● ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬಾರದು. ನಲ್ಲಿನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಟ್ಯಾಂಕಿನದೇ ನೀರನ್ನು ಬಕೆಟ್ಟಿಗೆ ತೆಗೆದು, ಅದರಲ್ಲಿ ಎರಡು ಸಲ ಹಿಂಡಿದರೆ ಸಾಕು.

● ನೊರೆಯಿಂದಲೂ ನೀರು ಶುದ್ಧವಾಗುತ್ತದೆ. 'ಪ್ರೋಟೀನ್ ಸ್ಕಿಮ್ಮರ್' ಉಪಕರಣ ನೀರಿನಲ್ಲಿ ಸಣ್ಣ ಗುಳ್ಳೆಗಳನ್ನು ಎಬ್ಬಿಸುತ್ತದೆ. ಕರಗಿದ ಕೊಳೆ ಗುಳ್ಳೆಗೆ ಅಂಟಿ ಮೇಲೇರುತ್ತದೆ. ಮೇಲಿನ ಕಪ್ಪಿನಲ್ಲಿ ಚಹಾ ಡಿಕಾಕ್ಷನ್‌ನಂಥ ಕಂದು ದ್ರವ ನಿಲ್ಲುತ್ತದೆ. ವಾಸನೆ ಮಾತ್ರ ಸಹಿಸಲಾಗದು. ಸಿಹಿನೀರಿನಲ್ಲಿ ಗುಳ್ಳೆಗಳು ಬೇಗ ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗುವುದರಿಂದ ಈ ಉಪಾಯ ಅಷ್ಟು ಫಲಿಸದು.

● 1846ರಲ್ಲಿ ಅನ್ನಾ ಥಿನ್ ಎಂಬಾಕೆ ಇಂಗ್ಲೆಂಡಿನ ಟಾರ್ಕಿ ಕರಾವಳಿಯಿಂದ ಹವಳಜೀವಿಗಳನ್ನು ಲಂಡನ್ನಿನ ಮನೆಗೆ ತಂದರು. ಆಗ ಏರ್ ಪಂಪ್ ಎಲ್ಲಿತ್ತು? ತೆರೆದ ಕಿಟಕಿಯ ಬಳಿ ಕಡಲನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿದು ಗಾಳಿ ಬೆರೆಸುವ ಕೆಲಸ ಮನೆಗೆಲಸದಾಕೆಯ ಪಾಲಿಗೆ ಬಂತು.

● ಕಲ್ಲೂ ಫಿಲ್ಟರ್ ಆಗಬಲ್ಲದು. ಜಕಾರ್ತಾದ ಲೀ ಚಿನ್ ಎಂಗ್, ಜೀವಿಗಳು ತುಂಬಿದ ಹವಳದ ಕಲ್ಲು ಮತ್ತು ಗಾಳಿಗುಳ್ಳೆಗಳಿಂದಲೇ ಕಡಲಮೀನು ಸಾಕುವ ತಮ್ಮ ವಿಧಾನವನ್ನು 1961ರಲ್ಲಿ ಪ್ರಕಟಿಸಿದರು. ಕಲ್ಲಿನ ಹೊರಮೈಯಲ್ಲಿ ಅಮೋನಿಯಾ ಕಳೆಯುವ ಬ್ಯಾಕ್ಟೀರಿಯಾ ಇದ್ದರೆ, ಆಮ್ಲಜನಕ ತಲುಪದ ಒಳರಂಧ್ರಗಳಲ್ಲಿ ನೈಟ್ರೇಟನ್ನು ಸಾರಜನಕ ಅನಿಲವಾಗಿಸುವ ಬ್ಯಾಕ್ಟೀರಿಯಾ ಇರುತ್ತವೆ.

● ಹಾಗೆಂದು ಮುರುಡೇಶ್ವರದ ಬಳಿಯ ನೇತ್ರಾಣಿಯಿಂದ ಹವಳದ ತುಂಡನ್ನು ತರುವಂತಿಲ್ಲ. ದಿಬ್ಬ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ರಂಧ್ರಗಳಿರುವ ಸೆರಾಮಿಕ್ ತುಂಡುಗಳಲ್ಲೂ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ. ಕಡಲಿನ ಹವಳ ಕಡಲಲ್ಲೇ ಇರಲಿ.

● ಕಡಲನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಟ್ಯಾಂಕಿನಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಇಂಗಿದಷ್ಟನ್ನು ಉಪ್ಪುನೀರಿನಿಂದಲ್ಲ, ಶುದ್ಧ ಸಿಹಿನೀರಿನಿಂದ ತುಂಬಬೇಕು.

● ಪಾಚಿಯೂ ನೀರು ಸೋಸುತ್ತದೆ. ಪಕ್ಕದ ಪುಟ್ಟ ತೊಟ್ಟಿಯಲ್ಲಿ ಬೆಳೆಸುವ 'ಕೀಟೊಮಾರ್ಫಾ' ಎಂಬ ಕಡಲಪಾಚಿ ನೈಟ್ರೇಟ್, ಫಾಸ್ಫೇಟ್‌ಗಳನ್ನು ಹೀರಿ ಬೆಳೆಯುತ್ತದೆ. ಆಗಾಗ ಒಂದು ಹಿಡಿ ಕಿತ್ತು ಹೊರಹಾಕಿದರೆ ಅದರೊಂದಿಗೆ ಆ ಕೊಳೆಯೂ ಹೊರಹೋಗುತ್ತದೆ.

● ಒಂದೇ ಉಷ್ಣತೆಯಲ್ಲಿ ಕಡಲನೀರು ಹಿಡಿದಿಡುವ ಆಮ್ಲಜನಕ ಸಿಹಿನೀರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ. ಕರೆಂಟ್ ಹೋಗಿ ಪಂಪ್ ನಿಂತರೆ ಮೀನು ಮಾತ್ರವಲ್ಲ, ಫಿಲ್ಟರಿನ ಬ್ಯಾಕ್ಟೀರಿಯಾವೂ ಉಸಿರುಗಟ್ಟುತ್ತವೆ. ದುಬಾರಿ ಮೀನು ಕೊಳ್ಳುವ ಮುಂಚೆ ಬ್ಯಾಟರಿಯಲ್ಲಿ ನಡೆಯುವ ಒಂದು ಏರ್ ಪಂಪ್ ಕೊಂಡಿಡಿ.