ಮೊಳಕೆ ಹೆಸರಿನ ಲುಂಪಿಯಾ: ಕೊಟ್ಟೂರಿನ ಒಲೆ ಮೇಲೆ ಫಿಲಿಪ್ಪೀನ್ಸ್ ತಿಂಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ನಮ್ಮ ಈ ಸೀಮೆಯಲ್ಲಿ ಯಾವ ಊರಿಗೆ ಹೋದರೂ ಸಂಜೆಯಾದರೆ ಎಣ್ಣೆ ಬಾಂಡಲಿ ಒಲೆ ಏರುತ್ತದೆ. ಮಂಡಕ್ಕಿ ಒಗ್ಗರಣೆ, ಪಕ್ಕಕ್ಕೆ ಬಿಸಿ ಮಿರ್ಚಿ. ಕರಿಯೋದನ್ನ ನಮಗೆ ಯಾರೂ ಕಲಿಸಬೇಕಿಲ್ಲ ಬಿಡಿ. ಅದಕ್ಕೇ ಹೇಳ್ತೀನಿ, ‘ಲುಂಪಿಯಾ’ ಅನ್ನೋ ಹೆಸರು ಕೇಳಿ ಹಿಂದೆ ಸರಿಯಬೇಡಿ. ಅದು ಫಿಲಿಪ್ಪೀನ್ಸ್ ದೇಶದವರ ಕರಿದ ಸುರುಳಿ. ಪೇಟೆಯ ಸ್ಪ್ರಿಂಗ್ ರೋಲ್‌ಗೆ ತಂಗಿ ಅನ್ನಬಹುದು, ಆದರೆ ಅದಕ್ಕಿಂತ ತೆಳು, ಅದಕ್ಕಿಂತ ಗರಿಗರಿ.

ಇದು ನಮ್ಮ ಮನೆಗೆ ಬಂದದ್ದು ನನ್ನ ತಂಗಿಯ ಮಗಳಿಂದ. ಅವಳು ಡಾಕ್ಟರ್ ಓದೋಕೆ ಅಂತ ಫಿಲಿಪ್ಪೀನ್ಸ್‌ನ ದಾವಾವೋ ಊರಿಗೆ ಹೋಗಿದ್ದಾಳೆ. ಬ್ಯಾಂಕ್ ಸಾಲ ಮಾಡಿ ಕಳಿಸಿದ್ದು. ನಮ್ಮದು ಮಾಂಸ ಮುಟ್ಟದ ಮನೆ. ಅಲ್ಲಿ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ತಂಗಿ ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಫೋನ್ ಹಚ್ಚಿದರೆ ಅಲ್ಲಿ ಹನ್ನೊಂದೂವರೆ. “ಉಂಡ್ಯಾ?” ಅಂದರೆ “ಉಂಡೆ.” “ಊಟ ಹೆಂಗೈತಿ?” ಅಂದರೆ “ಚೊಲೋ ಐತಿ.” ಎರಡು ವರ್ಷ ಇಷ್ಟೇ ಮಾತು.

ಹೋದ ರಜೆಗೆ ಹುಡುಗಿ ಬಂದಳು. ಸೊರಗಿ ಹೋಗಿದ್ದಳು. ನಮ್ಮನೆಗೆ ಬಂದ ದಿನವೇ ನಮ್ಮತ್ತಿ ಎದುರಿಗೆ ಕೂರಿಸಿಕೊಂಡು ಕೇಳಿಬಿಟ್ಟರು.

“ಖರೇ ಹೇಳವ್ವಾ, ಅಲ್ಲಿ ಏನ್ ತಿಂತಿ?”

ತಂಗಿ ಬಾಗಿಲ ಹತ್ತಿರ ನಿಂತಿದ್ದಳು. ಅವಳ ಮುಖ ನೋಡಬೇಕಿತ್ತು. ಎರಡು ವರ್ಷದಿಂದ ಕೇಳಬೇಕು ಅಂತಿದ್ದು, ಧೈರ್ಯ ಬರದೆ ಬಿಟ್ಟ ಪ್ರಶ್ನೆ ಅದು.

ಆಗ ಹುಡುಗಿ ಎಲ್ಲಾ ಹೇಳಿದಳು. ಮೊದಲ ತಿಂಗಳುಗಳು ಬರೀ ಬ್ರೆಡ್ಡು, ಬಾಳೆಹಣ್ಣು, ಅನ್ನ, ಉಪ್ಪಿನಕಾಯಿ. ಅಲ್ಲಿ ಕಾಯಿಪಲ್ಲೆ ಅಂತ ಕೇಳಿ ತಗೊಂಡರೂ ಅದರಲ್ಲಿ ಮೀನಿನ ರಸ ಇರುತ್ತದೆ. ಅದಕ್ಕೆ ‘ಪಾತಿಸ್’ ಅಂತಾರೆ. ಇಲ್ಲವೇ ಸಿಗಡಿಯ ‘ಬಗೂಂಗ್’. ನಮ್ಮಲ್ಲಿ ಇಂಗು ಹಾಕಿದಷ್ಟೇ ಸಹಜವಾಗಿ ಅವರು ಅದನ್ನ ಹಾಕುತ್ತಾರೆ, ಅವರದು ತಪ್ಪಲ್ಲ. ಕಡೆಗೆ ಜೊತೆಯಲ್ಲಿ ಓದುವ ಹುಡುಗಿಯೊಬ್ಬಳ ತಾಯಿ ಮನೆಗೆ ಕರೆದು, ಬೇರೆ ಎಣ್ಣೆ, ಬೇರೆ ಬಾಂಡಲಿ ಇಟ್ಟು, ಮೊಳಕೆ ಹೆಸರಿನ ಲುಂಪಿಯಾ ಮಾಡಿಕೊಟ್ಟು ಕೈಹಿಡಿದು ಕಲಿಸಿದರಂತೆ. “ಅವತ್ತಿಂದ ನಾನೇ ಮಾಡ್ಕೊಳ್ತೀನಿ ಅಜ್ಜಿ” ಅಂದಳು.

ಅತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನಾಳಿ ಮಾಡು, ನಾನೂ ತಿಂತೀನಿ” ಅಂದರು. ಹೊರಗಿನದು ಏನೂ ಮುಟ್ಟದ ಮುದುಕಿ ಅವರು!

ಲುಂಪಿಯಾ ಮೂಲತಃ ಚೀನಾದ್ದು. ಫುಜಿಯನ್ ಸೀಮೆಯ ವ್ಯಾಪಾರಿಗಳು ಶತಮಾನಗಳ ಹಿಂದೆಯೇ ಫಿಲಿಪ್ಪೀನ್ಸ್‌ಗೆ ಹೋಗಿ ನೆಲೆಸಿದರು. ಸ್ಪೇನಿನವರ ಆಳ್ವಿಕೆಯಲ್ಲಿ 1594ರಲ್ಲಿ ಚೀನೀಯರಿಗಾಗಿ ಕಟ್ಟಿಸಿದ ಬಿನೊಂಡೊ ಪೇಟೆ ಮನಿಲಾದಲ್ಲಿ ಇಂದಿಗೂ ಇದೆ. ಲುಂಪಿಯಾ ಅನ್ನುವ ಹೆಸರೂ ಅವರ ಹೊಕ್ಕಿಯನ್ ನುಡಿಯದ್ದೇ. ಹಂದಿಮಾಂಸ ತುಂಬಿ ಬೆರಳು ಗಾತ್ರಕ್ಕೆ ಸುತ್ತಿದರೆ ‘ಲುಂಪಿಯಾಂಗ್ ಶಾಂಘೈ’. ಹಬ್ಬ, ಹುಟ್ಟುಹಬ್ಬಕ್ಕೆ ಅದು ಇರಲೇಬೇಕು. ಮೊಳಕೆ ಹೆಸರು ತುಂಬಿದರೆ ‘ಲುಂಪಿಯಾಂಗ್ ತೋಗೆ’. ಅಲ್ಲಿ ಇದಕ್ಕೂ ಎಷ್ಟೋ ಸಲ ಸಿಗಡಿ ಸೇರಿಸುತ್ತಾರೆ. ಅದನ್ನ ಬಿಟ್ಟರೆ ನಮ್ಮದೇ ತಿಂಡಿ.

ಹಾಳೆ

ಸ್ಪ್ರಿಂಗ್ ರೋಲ್ ಹಾಳೆ ನಮಗೆ ಊರಿನ ಅಂಗಡಿಯಲ್ಲಿ ಸಿಗಲಿಲ್ಲ. ಬೇಕಾಗಿಯೂ ಇಲ್ಲ. 1 ಕಪ್ ಮೈದಾ, 2 ಚಮಚ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು, ಸುಮಾರು ಒಂದೂವರೆ ಕಪ್ ನೀರು. ಗಂಟಿಲ್ಲದಂತೆ ಕಲಸಿ ಅರ್ಧ ತಾಸು ಬಿಡಿ. ನಾನ್‌ಸ್ಟಿಕ್ ಹಂಚನ್ನು ಸಣ್ಣ ಉರಿಯಲ್ಲಿಟ್ಟು, ಬ್ರಷ್‌ನಿಂದ ಹಿಟ್ಟನ್ನು ತೆಳ್ಳಗೆ ಬಳಿಯಿರಿ. ಹಂಚು ದೋಸೆಗೆ ಕಾದಷ್ಟು ಕಾಯಬಾರದು. ಕಾದರೆ ಹಿಟ್ಟು ಬ್ರಷ್‌ಗೇ ಅಂಟಿಕೊಂಡು ಬರುತ್ತದೆ. ಒಂದು ನಿಮಿಷಕ್ಕೆ ಅಂಚು ತಾನೇ ಏಳುತ್ತದೆ. ಮಗುಚಬೇಡಿ, ಹಾಗೇ ತೆಗೆದು ಒದ್ದೆ ಬಟ್ಟೆಯಡಿ ಇಡಿ. ಸುಮಾರು 15 ಹಾಳೆ ಆಗುತ್ತವೆ.

ಅತ್ತಿ ಹಾಳೆಯನ್ನ ಬೆಳಕಿಗೆ ಹಿಡಿದು ನೋಡಿ, “ಹೋಳಿಗಿಗಿಂತ ತೆಳ್ಳಗೈತಿ” ಅಂದರು. ಅವರ ಬಾಯಲ್ಲಿ ಅದು ದೊಡ್ಡ ಶಹಬ್ಬಾಸ್‌ಗಿರಿ.

ಹೂರಣ

ಮೊಳಕೆ ಹೆಸರು 1½ ಕಪ್, ಎಳೆಯಾಗಿ ಹೆಚ್ಚಿದ ಒಂದು ಗಜ್ಜರಿ, ಎಂಟು ಬೀನ್ಸ್, ಒಂದು ಉಳ್ಳಾಗಡ್ಡಿ, ಆರು ಎಸಳು ಬೆಳ್ಳುಳ್ಳಿ, ಮೆಣಸಿನ ಪುಡಿ, ಉಪ್ಪು. ಬೇಕಾದರೆ ಸ್ವಲ್ಪ ಪನೀರ್. ಅಲ್ಲಿಯವರು ತೋಫು ಹಾಕುತ್ತಾರೆ. ಅವರ ಮೊಳಕೆ ಬೆರಳುದ್ದ, ಬೆಳ್ಳಗೆ ಇರುತ್ತದೆ. ಕತ್ತಲಲ್ಲಿ, ಮೇಲೊಂದು ಭಾರವಿಟ್ಟು, ದಿನಾ ನೀರು ಬದಲಿಸುತ್ತಾ ಮೂರ್ನಾಲ್ಕು ದಿನ ಇಟ್ಟರೆ ನಮ್ಮಲ್ಲೂ ಉದ್ದ ಬರುತ್ತದೆ. ಗಿಡ್ಡ ಮೊಳಕೆಯಾದರೂ ನಡೆಯುತ್ತದೆ.

ಜೋರು ಉರಿಯಲ್ಲಿ ಮೂರೇ ನಿಮಿಷ ಬಾಡಿಸಿ. ಆಮೇಲೆ ಜರಡಿಯಲ್ಲಿ ಹರವಿ ಪೂರ್ತಿ ಆರಿಸಿ. ಎಲ್ಲಾ ಗುಟ್ಟು ಇಲ್ಲೇ ಇರೋದು. ಹೂರಣದಲ್ಲಿ ನೀರಿದ್ದರೆ ಹಾಳೆ ಮೆತ್ತಗಾಗಿ ಎಣ್ಣೆಯಲ್ಲಿ ಒಡೆಯುತ್ತದೆ, ಬಿಸಿ ಎಣ್ಣೆ ಸಿಡಿಯುತ್ತದೆ.

ಸುತ್ತೋದು, ಕರಿಯೋದು

ಎರಡು ಚಮಚ ಹೂರಣವನ್ನ ಅಂಚಿನ ಹತ್ತಿರ ಇಟ್ಟು ಒಂದು ಸುತ್ತು ಬಿಗಿಯಾಗಿ ಸುತ್ತಿ, ಎರಡೂ ಬದಿ ಒಳಗೆ ಮಡಚಿ, ಮತ್ತೆ ಸುತ್ತಿ. ಕೊನೆಯನ್ನ ಮೈದಾ ಅಂಟಿನಿಂದ ಮುಚ್ಚಿ. ಒಳಗೆ ಗಾಳಿ ಉಳಿಯಬಾರದು.

ಎಣ್ಣೆ ನಮ್ಮದು ಶೇಂಗಾ ಎಣ್ಣೆ. 170ರಿಂದ 180 ಡಿಗ್ರಿ ಕಾದರೆ ಸರಿ. ಥರ್ಮಾಮೀಟರ್ ಯಾರ ಮನೆಯಲ್ಲಿದೆ? ಮಿರ್ಚಿ ಬಿಡುವಾಗ ನೋಡುವಂತೆ ಒಂದು ಹನಿ ಹಿಟ್ಟು ಬಿಡಿ. ತಳ ಮುಟ್ಟಿ ಕೂಡಲೇ ಮೇಲೆದ್ದರೆ ಹದ ಬಂತು. ಅಂಟಿಸಿದ ಬದಿ ಕೆಳಗೆ ಬರುವಂತೆ ಬಿಡಿ, ಒಮ್ಮೆಗೆ ನಾಲ್ಕೈದೇ ಸಾಕು. ಹೊಂಬಣ್ಣ ಬಂದಾಗ ತೆಗೆದು ನಿಲ್ಲಿಸಿ ಇಡಿ. ಮಲಗಿಸಿದರೆ ಅಡಿ ಮೆತ್ತಗಾಗುತ್ತದೆ.

ಅಲ್ಲಿ ಇದಕ್ಕೆ ವಿನೆಗರ್, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಕಲಸಿ ಅದ್ದಿಕೊಳ್ಳುತ್ತಾರೆ. ಇಂಥ ಅದ್ದುವ ರಸಕ್ಕೆ ‘ಸಾವ್ಸಾವನ್’ ಅಂತ ಹೆಸರು. ವಿನೆಗರ್ ವಾಸನೆ ಅತ್ತಿಗೆ ಆಗಲಿಲ್ಲ. ತೆಳ್ಳಗೆ ಹುಣಸೆ ರಸ ಮಾಡಿ ಅದಕ್ಕೇ ಬೆಳ್ಳುಳ್ಳಿ ಜಜ್ಜಿ ಹಾಕಿದರು. ಹುಡುಗಿ ರುಚಿ ನೋಡಿ, “ದೊಡ್ಡವ್ವ, ಇದನ್ನ ಅಲ್ಲಿಯವರಿಗೂ ಮಾಡಿಕೊಡ್ತೀನಿ” ಅಂದಳು. ಅತ್ತಿ ಮೂರು ಲುಂಪಿಯಾ ತಿಂದರು. ತಂಗಿ ಮಾತ್ರ ತಿನ್ನೋದು ಬಿಟ್ಟು ಮಗಳ ಕೈಯನ್ನೇ ನೋಡ್ತಾ ಕೂತಿದ್ದಳು.

ಉಳಿದ ಹಾಳೆಗೆ ‘ತುರೋನ್’ ಮಾಡಿ. ಬಾಳೆಹಣ್ಣನ್ನ ಉದ್ದಕ್ಕೆ ಸೀಳಿ, ಬೆಲ್ಲದ ಪುಡಿಯಲ್ಲಿ ಹೊರಳಿಸಿ, ಸಿಕ್ಕರೆ ಒಂದು ಎಳೆ ಹಲಸಿನ ತೊಳೆ ಇಟ್ಟು ಸುತ್ತಿ ಕರಿಯಿರಿ. ಹಣ್ಣು ಸ್ವಲ್ಪ ಗಟ್ಟಿ ಇರಲಿ. ಕರಿಯದ ಲುಂಪಿಯಾಗಳನ್ನ ಒಂದಕ್ಕೊಂದು ತಾಗದಂತೆ ಡಬ್ಬಿಯಲ್ಲಿಟ್ಟು ಫ್ರೀಜರ್‌ಗೆ ಹಾಕಿದರೆ ನೆಂಟರು ಬಂದಾಗ ಕರಗಿಸದೆ ನೇರ ಎಣ್ಣೆಗೆ ಬಿಡಬಹುದು.

ಹುಡುಗಿ ಮತ್ತೆ ದಾವಾವೋಗೆ ಹೋಗಿದ್ದಾಳೆ. ಸಾಲ ಇನ್ನೂ ಇದೆ, ಓದೂ ಇದೆ. ಆದರೆ ಈಗ ತಂಗಿ “ಉಂಡ್ಯಾ?” ಅಂದರೆ ಅವಳು ಏನು ಉಂಡೆ, ಎಷ್ಟು ಉಂಡೆ, ಯಾವುದು ಸೇರಲಿಲ್ಲ ಅಂತ ಎಲ್ಲಾ ಹೇಳ್ತಾಳಂತೆ. ನಿಮ್ಮ ಮಕ್ಕಳೂ ದೂರದೂರಲ್ಲಿದ್ದರೆ, ಅಲ್ಲಿ ಕಲಿತದ್ದನ್ನ ಒಮ್ಮೆ ನಿಮ್ಮ ಒಲೆ ಮೇಲೆ ಮಾಡಿಸಿ ನೋಡಿ. ಹೆಂಗಾತು ಅಂತ ಬರೆದು ತಿಳಿಸ್ರಿ.