ಕೂಗಿದ್ದು ಕೇಳಿಸದವರ ಸರದಿ

ಜಿಲ್ಲಾ ಆಸ್ಪತ್ರೆಯೊಂದರ ಹೊರರೋಗಿ ವಿಭಾಗ. ಬೆಳಗಿನ ಎಂಟೂವರೆಗೇ ಬೆಂಚುಗಳೆಲ್ಲ ಭರ್ತಿ. ಬಾಗಿಲ ಬಳಿ ನಿಂತ ಸಿಬ್ಬಂದಿ ಚೀಟಿಗಳನ್ನು ನೋಡಿ ಒಂದೊಂದೇ ಹೆಸರು ಕೂಗುತ್ತಾರೆ. ಕರೆಸಿಕೊಂಡವರು ಎದ್ದು ಒಳಗೆ ಹೋಗುತ್ತಾರೆ. ಅಂದು ನನ್ನ ತಂಗಿಯ ಮಗಳ ಹೆಸರನ್ನೂ ಕೂಗಿದರು. ಅವಳಿಗೆ ಕೇಳಿಸಲಿಲ್ಲ. ಕಿವಿ ಕೇಳಿಸುವುದಿಲ್ಲವೆಂಬ ಪ್ರಮಾಣಪತ್ರ ಪಡೆಯಲೆಂದೇ ಅವಳು ಅಲ್ಲಿಗೆ ಬಂದಿದ್ದಳು! ತಾಯಿ ಜೆರಾಕ್ಸ್ ಮಾಡಿಸಿಕೊಂಡು ಬರುವಷ್ಟರಲ್ಲಿ ಸರದಿ ದಾಟಿತ್ತು. ‘ಮುಂದಿನ ಬುಧವಾರ ಬನ್ನಿ’ ಎಂಬ ಉತ್ತರ ಸಿಕ್ಕಿತು.

ನಾಲ್ಕನೇ ವಯಸ್ಸಿನಲ್ಲಿ ಬಂದ ಮಿದುಳು ಜ್ವರ ಅವಳ ಶ್ರವಣ ಶಕ್ತಿಯನ್ನು ಬಹುಪಾಲು ಕಸಿದುಕೊಂಡಿತ್ತು. ಶ್ರವಣ ಸಾಧನ ಧರಿಸಿ, ಮೊದಲ ಬೆಂಚಿನಲ್ಲಿ ಕುಳಿತು, ಮೇಷ್ಟರ ತುಟಿಯ ಚಲನೆ ನೋಡುತ್ತಲೇ ಓದಿ ದ್ವಿತೀಯ ಪಿಯುಸಿಗೆ ಬಂದ ಹುಡುಗಿ. ಸಿಇಟಿಯಲ್ಲಿ ಅಂಗವಿಕಲರ ಮೀಸಲಾತಿ ಕೋರಬೇಕೆಂದು 2025ರ ಜನವರಿಯಲ್ಲಿ ಅರ್ಜಿ ಹಾಕಿದರು. ಮೊದಲ ಸಲ ಸರದಿ ತಪ್ಪಿತು. ಎರಡನೆಯ ಸಲ ತಜ್ಞರು ರಜೆ. ಮೂರನೆಯ ಸಲ ಪರೀಕ್ಷೆಯ ಯಂತ್ರ ಕೆಟ್ಟಿತ್ತು. ಆಮೇಲೆ ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಅಲ್ಲಿಂದ ವರದಿ ತಂದರೆ ಸಹಿ ಹಾಕುವವರಿಗೆ ವರ್ಗಾವಣೆಯಾಗಿತ್ತು. ಒಟ್ಟು ಏಳು ಓಡಾಟ. ಶಕ್ತಿ ಯೋಜನೆಯಿಂದಾಗಿ ತಾಯಿ–ಮಗಳಿಗೆ ಬಸ್ಸಿನ ಟಿಕೆಟ್ ಖರ್ಚು ಉಳಿಯಿತು. ಆದರೆ ಗಾರ್ಮೆಂಟ್ಸ್ ಕೆಲಸಕ್ಕೆ ಹಾಕಿದ ರಜೆಗಳ ಸಂಬಳ ಉಳಿಯಲಿಲ್ಲ.

ಕಾಯುವುದೆಂದರೆ ಬರೀ ದಿನ ಎಣಿಸುವುದಲ್ಲ. ಪ್ರತಿ ಸಲ ಮೊಬೈಲಿಗೆ ಸಂದೇಶ ಬಂದಾಗಲೂ ಮನೆಯವರ ಎದೆ ಧಸಕ್ಕೆನ್ನುತ್ತಿತ್ತು. ‘ಮಾವ, ನನಗೆ ಕೇಳಿಸಲ್ಲ ಅಂತ ನನಗೇ ಗೊತ್ತು. ಅವರಿಗೆ ಗೊತ್ತಾಗೋಕೆ ಇಷ್ಟು ದಿನ ಬೇಕಾ?’ ಎಂದು ಒಮ್ಮೆ ಆ ಹುಡುಗಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಕಾನೂನು ಏನನ್ನುತ್ತದೆ?

ಕಾನೂನಿನಲ್ಲಿ ಉತ್ತರವಿದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿಗೆ ಮಾತ್ರ ಮಾನ್ಯತೆ ಇತ್ತು. ಅದರ ಸ್ಥಾನಕ್ಕೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ಪಟ್ಟಿಯನ್ನು 21ಕ್ಕೆ ಏರಿಸಿತು. ಆಟಿಸಂ, ಕಲಿಕಾ ನ್ಯೂನತೆ, ತಲಸ್ಸೇಮಿಯಾ, ಹಿಮೋಫಿಲಿಯಾ ಇವೆಲ್ಲ ಈಗ ಪಟ್ಟಿಯಲ್ಲಿವೆ. ಓದಿನಲ್ಲಿ ಹಿಂದೆ ಬಿದ್ದ ಮಗುವನ್ನು ‘ದಡ್ಡ’ ಎಂದು ಗದರುವ ಮುನ್ನ ಪೋಷಕರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ವೈಕಲ್ಯದ ಪ್ರಮಾಣ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟುಗಳ ಮೀಸಲಾತಿ ಅನ್ವಯಿಸುತ್ತದೆ. ಪ್ರವೇಶದ ಗರಿಷ್ಠ ವಯೋಮಿತಿಯಲ್ಲಿ ಐದು ವರ್ಷಗಳ ಸಡಿಲಿಕೆಯೂ ಇದೆ. ವಿದ್ಯಾರ್ಥಿವೇತನ, ಮಾಸಾಶನ, ಬಸ್ ಪಾಸು ಎಲ್ಲದರ ಬಾಗಿಲಿಗೂ ಪ್ರಮಾಣಪತ್ರವೇ ಬೀಗದ ಕೈ. ಆದ್ದರಿಂದಲೇ ಅದು ತಡವಾದರೆ ಉಳಿದದ್ದೆಲ್ಲವೂ ತಡವಾಗುತ್ತದೆ.

ಅರ್ಜಿ ತಲುಪಿದ ಒಂದು ತಿಂಗಳೊಳಗೆ ಪ್ರಮಾಣಪತ್ರ ನೀಡಬೇಕೆಂದು 2017ರ ನಿಯಮಗಳು ಹೇಳಿದ್ದವು. 2024ರ ಅಕ್ಟೋಬರ್‌ನ ತಿದ್ದುಪಡಿ ಈ ಗಡುವನ್ನು ಮೂರು ತಿಂಗಳಿಗೆ ವಿಸ್ತರಿಸಿತು. ಎರಡು ವರ್ಷ ದಾಟಿದರೂ ತೀರ್ಮಾನವಾಗದ ಅರ್ಜಿ ನಿಷ್ಕ್ರಿಯವಾಗುತ್ತದೆ, ಹೊಸದಾಗಿ ಅರ್ಜಿ ಹಾಕಬೇಕಾಗುತ್ತದೆ ಎಂಬ ಮಾತೂ ಅದರಲ್ಲಿದೆ. ಅಂದರೆ ‘ಹೇಗೂ ಅರ್ಜಿ ಹಾಕಿದ್ದೇವೆ, ಬಂದಾಗ ಬರಲಿ’ ಎಂದು ಸುಮ್ಮನೆ ಕೂರುವಂತಿಲ್ಲ.

ಕಾಯುವಾಗ ಮಾಡಬೇಕಾದ್ದು

ಮೊದಲನೆಯದಾಗಿ, ಪರೀಕ್ಷೆಯ ವರ್ಷ ಬರುವವರೆಗೆ ಕಾಯಬೇಡಿ. ಮಗು ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿರುವಾಗಲೇ ಅರ್ಜಿ ಹಾಕಿದರೆ ಪಿಯುಸಿಯ ಹೊತ್ತಿಗೆ ಈ ಪೀಕಲಾಟ ಇರುವುದಿಲ್ಲ. ಕೇಂದ್ರ ಸರ್ಕಾರದ ಸ್ವಾವಲಂಬನ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿದಾಗ ಸಿಗುವ ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಎರಡನೆಯದಾಗಿ, ಪ್ರತಿ ಭೇಟಿಯ ದಿನಾಂಕ, ಭೇಟಿಯಾದ ಅಧಿಕಾರಿಯ ಹುದ್ದೆ ಮತ್ತು ಅವರು ಹೇಳಿದ ಮಾತನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಮೇಲಿನವರಿಗೆ ದೂರು ಕೊಡುವಾಗ ಬಾಯಿಮಾತಿಗಿಂತ ಈ ಪುಸ್ತಕಕ್ಕೆ ಬೆಲೆ ಹೆಚ್ಚು. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿ ಪ್ರತಿ ಜಿಲ್ಲೆಯಲ್ಲೂ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇವರ ನೆರವು ಪಡೆಯಲು ಸಂಕೋಚ ಬೇಡ.

ಮೂರನೆಯದಾಗಿ, ನಾಡಕಚೇರಿಯಲ್ಲಿ ಮಾಸಾಶನದ ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿ ಕೇಳಿ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನೂ ಕೇಳಬಹುದು. ಮೊತ್ತ ಚಿಕ್ಕದು ನಿಜ. ಆದರೆ ಕೇಳುವವರಿದ್ದಾರೆ ಎಂದು ಗೊತ್ತಾದರೆ ಕಡತ ಮೇಜಿನಿಂದ ಮೇಜಿಗೆ ಸ್ವಲ್ಪ ಬೇಗ ಸರಿಯುತ್ತದೆ.

ನಾಲ್ಕನೆಯದಾಗಿ, ಪ್ರಮಾಣಪತ್ರದಲ್ಲಿ ನಮೂದಾದ ಪ್ರಮಾಣ ಸರಿಯಿಲ್ಲವೆನಿಸಿದರೆ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ.

ನ್ಯಾಯಾಲಯದ ಮಾತು

ಇನ್ನು ವಿದ್ಯಾರ್ಥಿಗಳು ತಿಳಿಯಬೇಕಾದ ಎರಡು ತೀರ್ಪುಗಳಿವೆ. ಬರೆಯುವಾಗ ಬೆರಳು ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರರನ್ನು ನಿರಾಕರಿಸಲಾಗಿತ್ತು. ಶೇ 40ರಷ್ಟು ವೈಕಲ್ಯ ಇದ್ದವರಿಗಷ್ಟೇ ಈ ಸೌಲಭ್ಯವೆನ್ನುವುದು ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಮಾತಿನ ತೊಂದರೆಯಿದ್ದ ಮಹಾರಾಷ್ಟ್ರದ ವಿದ್ಯಾರ್ಥಿಯೊಬ್ಬರಿಗೆ ಎಂಬಿಬಿಎಸ್ ಸೀಟು ನಿರಾಕರಿಸಿದ ಪ್ರಕರಣದಲ್ಲಿ, ವೈಕಲ್ಯದ ಶೇಕಡಾವಾರು ಸಂಖ್ಯೆಯೊಂದನ್ನೇ ನೋಡಿ ಅನರ್ಹರೆನ್ನಬಾರದು, ಓದುವ ಸಾಮರ್ಥ್ಯವಿದೆಯೇ ಎಂಬುದನ್ನು ವೈದ್ಯಕೀಯ ಮಂಡಳಿ ಪರಿಶೀಲಿಸಬೇಕು ಎಂದು 2024ರ ಅಕ್ಟೋಬರ್ 15ರಂದು ಅದೇ ನ್ಯಾಯಾಲಯ ಹೇಳಿತು. ಸಂಖ್ಯೆಯ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂಬುದೇ ಈ ಎರಡೂ ತೀರ್ಪುಗಳ ಸಾರ.

ನಮ್ಮ ಹುಡುಗಿಯ ಕಾರ್ಡು ಕೊನೆಗೂ ಬಂತು. ಪ್ರಮಾಣ ನಲವತ್ತನ್ನು ದಾಟಿತ್ತು. ಆದರೆ ಆ ಹೊತ್ತಿಗೆ ದಾಖಲೆ ಪರಿಶೀಲನೆಯ ದಿನಗಳು ಮುಗಿದಿದ್ದವು. ಅವಳು ಸಾಮಾನ್ಯ ವರ್ಗದಲ್ಲೇ ಊರಿಗೆ ಹತ್ತಿರದ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದಳು. ಬಯಸಿದ್ದು ಎಂಜಿನಿಯರಿಂಗ್. ಆ ಒಂದು ಸೀಟನ್ನು ಈಗ ಯಾರೂ ಮರಳಿ ಕೊಡಲಾರರು.

ಆದರೂ ಅವಳು ಆ ಆಸ್ಪತ್ರೆಗೆ ಒಂದು ಪಾಠ ಕಲಿಸಿ ಬಂದಳು. ನಾಲ್ಕನೆಯ ಭೇಟಿಯ ದಿನ ನೋಟ್‌ಬುಕ್ಕಿನ ಹಾಳೆ ಹರಿದು, ‘ನನಗೆ ಕೇಳಿಸುವುದಿಲ್ಲ. ನನ್ನ ಸರದಿ ಬಂದಾಗ ದಯವಿಟ್ಟು ಕೈ ಬೀಸಿ’ ಎಂದು ದಪ್ಪಕ್ಷರದಲ್ಲಿ ಬರೆದು ಹೆಸರು ಕೂಗುವವರ ಕೈಗಿತ್ತಳು. ಅವರು ಓದಿ ಒಂದು ಕ್ಷಣ ಸುಮ್ಮನಾದರು. ಆಮೇಲೆ ಅವಳಿಗೆ ಮಾತ್ರವಲ್ಲ, ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರಿಗೂ ಕೈ ಬೀಸಿಯೇ ಕರೆದರು.